ಯಾರ ಆಳೂ ಅಲ್ಲದ ಬಾಪುಸಾಹೇಬ

ಬಾಪುಸಾಹೇಬ ನಡೆಯುವುದು ಮುಂದಕ್ಕೆ, ನೋಡುವುದು ಹಿಂದಕ್ಕೆ. ಹೆಜ್ಜೆಹೆಜ್ಜೆಗೂ ಅವನ ಕತ್ತು ಭುಜದ ಮೇಲೆ ಹೊರಳಿ, ಬೆನ್ನ ಹಿಂದೆ ಇಲ್ಲದ ಏನನ್ನೋ ಇದೆಯೆಂದು ಖಚಿತಪಡಿಸಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಕಬ್ಬು ಹೇರಿದ ಎರಡು ಟ್ರಾಲಿಗಳನ್ನು ಎಳೆದುಕೊಂಡು, ಸದಲಗಾದ ಹೊಲಗಳಿಂದ ಸಕ್ಕರೆ ಫ್ಯಾಕ್ಟರಿಗೆ ಓಡಾಡುತ್ತ ಹರೆಯವನ್ನೆಲ್ಲ ಟ್ರ್ಯಾಕ್ಟರಿನ ಮೇಲೆ ಕಳೆದವನ ಮೈಗೆ ಅಂಟಿಕೊಂಡ ಚಾಳಿ ಅದು. ಬಸದಿಯಲ್ಲಿ ಪ್ರದಕ್ಷಿಣೆ ಹಾಕುವಾಗಲೂ ಹಾಗೆಯೇ. “ಭಗವಂತ ಮುಂದ ಅದಾನ್ರಿ, ಟ್ರಾಲ್ಯಾಗ ಇಲ್ಲ,” ಎಂದು ಹೆಂಡತಿ ಜಿನಮತಿ ಪಿಸುಗುಟ್ಟಿದರೆ ನಾಚಿ ಕತ್ತು ಸರಿಮಾಡಿಕೊಳ್ಳುವನು, ಒಂದು ಗಳಿಗೆಯ ಮಟ್ಟಿಗೆ.

ಅವನದು ಫ್ಯಾಕ್ಟರಿಯ ನೌಕರಿಯಲ್ಲ, ಹಂಗಾಮಿನ ಸಾಗಣೆಯ ಗುತ್ತಿಗೆ. ‘ಗುತ್ತೇದಾರ’ ಎಂಬ ಶಬ್ದವನ್ನು ಅವನು ಮನೆತನದ ಹೆಸರಿನಂತೆ ಉಚ್ಚರಿಸುತ್ತಿದ್ದ. ಒಮ್ಮೆ ಮೇಲ್ವಿಚಾರಕನೊಬ್ಬ ಸೀಟಿ ಹೊಡೆದು ಕರೆದನೆಂದು, ತುಂಬಿದ ಟ್ರಾಲಿಗಳನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಕೀಲಿ ಕಿಸೆಗೆ ಹಾಕಿಕೊಂಡು ಚಹಾಕ್ಕೆ ಹೋಗಿಬಿಟ್ಟಿದ್ದ. “ಸೀಟಿ ನಾಯಿಗೆ ಹೊಡೀರಿ. ನನಗ ಹೆಸರೈತಿ. ಖರೇ ಹೌದಿಲ್ಲೋ?” ಪ್ರತಿ ಮಾತಿನ ತುದಿಗೂ ಅದೇ ಪ್ರಶ್ನೆ, ಉತ್ತರ ಬರುವವರೆಗೆ ಎದುರಿನವನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ.

ಆಮೇಲೆ ಹೊಸ ನಿಯಮ ಬಂತು. ಬಾಡಿಗೆಗೆ ಕಬ್ಬು ಸಾಗಿಸುವ ಸ್ವತಂತ್ರ ಗುತ್ತೇದಾರರ ಟ್ರ್ಯಾಕ್ಟರು ಇನ್ನು ಒಕ್ಕಲುತನದ ಗಾಡಿಯಲ್ಲ, ವ್ಯಾಪಾರದ ವಾಹನ; ಹಳದಿ ನಂಬರ್ ಪ್ಲೇಟು, ಬೇರೆ ವಿಮೆ, ವರ್ಷವರ್ಷ ತೆರಿಗೆ. ಅಷ್ಟನ್ನು ಹೊತ್ತು ಟ್ರ್ಯಾಕ್ಟರು ಉಳಿಸಿಕೊಳ್ಳುವುದು ಅವನಂಥವರಿಗೆ ಸಾಧ್ಯವಿರಲಿಲ್ಲ. ಬಾಪುಸಾಹೇಬ ಮದುವೆಯ ಕರಿ ಕೋಟನ್ನು ಪೆಟ್ಟಿಗೆಯಿಂದ ತೆಗೆದ. ಅದರ ಭುಜಗಳು ಬಿಸಿಲಿಗೆ ಕಂದಿ ಇಟ್ಟಂಗಿಯ ಬಣ್ಣಕ್ಕೆ ತಿರುಗುವವರೆಗೆ ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಹಳ್ಳಿ ತಿರುಗಿ ತನ್ನಂಥವರನ್ನು ಕೂಡಿಸಿದ. ಬೇಡಿಕೊಳ್ಳುವುದು ಕನ್ನಡದಲ್ಲಿ, ಸಿಟ್ಟು ಮರಾಠಿಯಲ್ಲಿ. ಚಿಕ್ಕೋಡಿಯಲ್ಲಿ ಮೋರ್ಚಾ ಹೊರಟ ದಿನ ಟ್ರ್ಯಾಕ್ಟರುಗಳ ಸಾಲು ಊರ ಹೊರಗೂ ಚಾಚಿತ್ತು. ಮುಂದೆ ನಡೆಯುತ್ತಿದ್ದವನ ಕತ್ತು ಹೊರಳಿದಾಗಲೆಲ್ಲ ಗೆಳೆಯ ಧನಪಾಲ ಕೂಗುತ್ತಿದ್ದ: “ಬರಾಕತ್ತೇವಿ, ನಡೀಲೇ! ಮದವಣಗಿತ್ತಿ ಓಡಿಹೋದಂಗ ಏನ್ ನೋಡ್ತಿ?”

ಅವರ ಮನವಿ ತೆಗೆದುಕೊಂಡ ಸಾರಿಗೆ ಅಧಿಕಾರಿ ಮೆದು ಮನುಷ್ಯ. ದಾರಿಯನ್ನು ಅವನೇ ತೋರಿಸಿದ. ನಿಯಮ ಇರುವುದು ಗುತ್ತೇದಾರರಿಗೆ. ತಾವು ಫ್ಯಾಕ್ಟರಿಯ ಆಳುಗಳೆಂದು ಇವರು ಹೇಳಿ, ಫ್ಯಾಕ್ಟರಿಯವರು ಹೌದೆಂದರೆ ಸಾಕು, ಗಾಡಿಗಳು ಮೊದಲಿನಂತೆಯೇ ಓಡಬಹುದು. ಎಲ್ಲರಿಗೂ ಹಾಯೆನಿಸಿತು. “ಹೌದ್ರಿ ಅನ್ನು. ಒಂದ ಮಾತು, ಮುಗೀತು,” ಎಂದು ಧನಪಾಲ ವಿಚಾರಣೆಯ ದಿನ ದಾರಿಯುದ್ದಕ್ಕೂ ಬಾಪುಸಾಹೇಬನಿಗೆ ಪಾಠ ಹೇಳಿಕೊಟ್ಟ.

ವಿಚಾರಣೆಯಲ್ಲಿ ಫ್ಯಾಕ್ಟರಿಯ ಸಾಹೇಬ ಎದ್ದ. “ಇವರೆಲ್ಲ ನಮ್ಮ ಆಳುಗಳ್ರಿ. ಕೂಡು ಅಂದ್ರ ಕೂಡತಾರ, ಏಳು ಅಂದ್ರ ಏಳತಾರ.”

“ಹೌದೇನ್ರಿ?” ಅಧಿಕಾರಿ ಬಾಪುಸಾಹೇಬನನ್ನು ಕೇಳಿದ.

ಧನಪಾಲ ಹಿಂದಿನಿಂದ ಕೋಟಿನ ಅಂಚು ಜಗ್ಗಿದ. ಬಾಪುಸಾಹೇಬನ ತುಟಿಗಳು ಆ ಶಬ್ದದ ಆಕಾರಕ್ಕೆ ತೆರೆದುಕೊಂಡವು, ಮುಚ್ಚಿಕೊಂಡವು.

“ಅಲ್ರಿ,” ಅಂದ. “ನಾ ಯಾರ ಆಳೂ ಅಲ್ಲ. ಗುತ್ತೇದಾರ ಅದೀನಿ.”

ಮುಖಂಡನ ಮಾತು ಎಲ್ಲರ ಮಾತೆಂದು ದಾಖಲಾಯಿತು. ಹೊರಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಧನಪಾಲನೊಬ್ಬನೇ, “ನಿನ್ನ ಮಾನದಾಗ ನಮ್ಮ ಗಾಡಿ ಹೂತ್ಯಲ್ಲೋ, ಬಾಪು,” ಎಂದು ಕಣ್ಣೊರೆಸಿಕೊಂಡ. ಮುಂದಿನ ಹಂಗಾಮಿಗೆ ಮೊದಲೇ ಇಬ್ಬರ ಟ್ರ್ಯಾಕ್ಟರುಗಳೂ ಮಾರಾಟವಾದವು.

“ಆಳು ಅಂದಿದ್ರ ಏನ್ ಹೋಗತಿತ್ರಿ?” ಖಾಲಿ ಅಂಗಳ ಗುಡಿಸುತ್ತ ಜಿನಮತಿ ಕೇಳಿದಳು.

“ಏನೂ ಹೋಗತಿದ್ದಿಲ್ಲ,” ಅಂದ. “ನಾ ಹೋಗತಿದ್ದೆ.”

ಒಡೆಯರೂ ಅಲ್ಲದ, ಆಳೂ ಆಗಲೊಲ್ಲದ ಇಂಥವರು ಈ ಸೀಮೆಯಲ್ಲಿ ಅನೇಕರಿದ್ದಾರೆ. ಬದುಕಲು ಒಂದು ಸಣ್ಣ ಸುಳ್ಳು ಸಾಕಾಗಿರುವಾಗ ಅವರ ನಾಲಿಗೆ ಅಲ್ಲೇ ತಡವರಿಸುತ್ತದೆ. ಸೋತ ಮೇಲೆ ಅವರನ್ನು ಯಾರೂ ಧೀರರೆನ್ನುವುದಿಲ್ಲ, ಮೊಂಡರೆನ್ನುತ್ತಾರೆ. ಅದು ಪೂರ್ತಿ ಅನ್ಯಾಯವೂ ಅಲ್ಲ. ಅವರ ಸ್ವಾಭಿಮಾನಕ್ಕೆ ಬೆಲೆ ತೆರುವವರು ಎಂದೂ ಅವರಷ್ಟೇ ಆಗಿರುವುದಿಲ್ಲ.