ಸೀರಿ ಬರೂತನಕ

ಲಕ್ಷ್ಮವ್ವ ವಾಸ್ಕೋ ಊರಿನ ಬಾಯ್ನಾ ಕೇರಿಯಲ್ಲಿ ನಳದ ಕೆಳಗೆ ಕೊಡ ಹಚ್ಚಿ ನಿಂತಿದ್ದಾಗ ಮಗಳು ತೀರಿಹೋದ ಸುದ್ದಿ ಬಂತು. ಮಗ ಮಾಂತೇಶ ಮೊಬೈಲನ್ನು ಕಿವಿಗೆ ಒತ್ತಿಕೊಂಡೇ ಓಣಿಯಲ್ಲಿ ನಡೆದು ಬಂದ. ಅವನ ಮಾರಿ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಆದರೂ ಕೊಡ ತುಂಬುವವರೆಗೆ ನಿಂತಳು. ತುಂಬಿದ ಕೊಡವನ್ನು ಟೊಂಕದ ಮೇಲೆ ಇಟ್ಟುಕೊಂಡು ಮನೆಯೊಳಗೆ ತಂದು ಇಳಿಸಿದಳು. ಆಮೇಲೆ ಅದರ ಪಕ್ಕದಲ್ಲೇ ಕುಸಿದಳು.

ಮಗಳು ದ್ರಾಕ್ಷಾಯಿಣಿ ಇದ್ದದ್ದು ಪನ್ವೆಲ್‌ನಲ್ಲಿ. ಅವಳ ಗಂಡ ಮೊದಲು ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವ ಕೆಲಸಕ್ಕಿದ್ದವನು, ನಾಲ್ಕು ವರ್ಷದ ಹಿಂದೆ ಮುಂಬಯಿ ಕಡೆಯ ಬಂದರಿಗೆ ಹೋಗಿದ್ದ. ಎಂಟು ದಿನದಿಂದ ಅವಳಿಗೆ ಕಾಮಣಿ, ಕಣ್ಣು ಮೈಯೆಲ್ಲ ಹಳದಿ. “ಕಡಿಮಿ ಆಗೇತ್ರಿ, ಗಾಬರಿ ಆಗಬ್ಯಾಡ್ರಿ” ಎಂದು ಅಳಿಯ ದಿನಾ ಹೇಳುತ್ತಿದ್ದ. ಶನಿವಾರ ಪಗಾರ ಆದ ಮೇಲೆ ಹೋಗಿ ನೋಡಿ ಬಂದರಾಯಿತು ಎಂದು ಇವರೂ ಇದ್ದರು. ಅವತ್ತಿನ್ನೂ ಗುರುವಾರ.

ಬೀಗತಿ, ಅಂದರೆ ದ್ರಾಕ್ಷಾಯಿಣಿಯ ಅತ್ತೆ, ಫೋನಿನಲ್ಲಿ ಅಳಲಿಲ್ಲ. ಅತ್ತು ಮುಗಿದ ದನಿಯಲ್ಲಿ ಹೇಳಿದಳು: “ಬಿಸಲು ಭಾಳ ಐತ್ರಿ. ಸಂಜಿ ಐದರತನಕ ಇಟಗೋತೀವಿ. ತವರಮನಿ ಸೀರಿ ಬರೂತನಕ ಎತ್ತಂಗಿಲ್ಲ. ಆದ್ರ ಐದು ದಾಟಬಾರದ್ರಿ.”

ಮುತ್ತೈದೆಯಾಗಿ ಹೋದವಳಿಗೆ ತವರಿನ ಹಸಿರು ಸೀರೆ ಉಡಿಸಬೇಕು, ಅದನ್ನು ಒಡಹುಟ್ಟಿದವನು ತರಬೇಕು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಸೀರೆಗಾಗಿ ಹುಡುಕಬೇಕಾಗಲಿಲ್ಲ. ಸೊಸೆ ಅಶ್ವಿನಿ ಪಂಚಮಿಗೆಂದು ತನಗೆ ತೆಗೆದಿಟ್ಟುಕೊಂಡಿದ್ದ, ಇನ್ನೂ ಮಡಿಕೆ ಬಿಚ್ಚದ ಹಸಿರು ಸೀರೆಯನ್ನು ಟ್ರಂಕಿನಿಂದ ತಾನೇ ತೆಗೆದುಕೊಟ್ಟಳು. ಹೋಗುವುದೇ ಕಷ್ಟ. ಮಡಗಾಂವದಲ್ಲಿ ರೈಲು ಹಿಡಿದರೆ ಪನ್ವೆಲ್ ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಐದರೊಳಗೆ ಮುಟ್ಟಿಸುವುದು ವಿಮಾನ ಮಾತ್ರ.

ಮಳೆಗಾಲದೊಳಗೆ ಮನೆಯ ಮಾಡಿಗೆ ತಗಡಿನ ಪತ್ರಾಸ ಹಾಕಿಸಲು ಇಟ್ಟಿದ್ದ ಏಳು ಸಾವಿರ ಕಟ್ಟಿಕೊಂಡು ತಾಯಿ ಮಗ ಇಬ್ಬರೂ ವಾಸ್ಕೋ ಪೇಟೆಗೆ ಬಂದರು. ಅಲ್ಲಿ ಯಾಕೂಬನ ಅಂಗಡಿ. ಇಂಡಿ ಕಡೆಯವನು. ಮೊದಲು ಎಸ್‌ಟಿಡಿ ಬೂತ್ ಇಟ್ಟಿದ್ದವನು ಈಗ ಅದೇ ಗೂಡಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಬಸ್ಸು, ರೈಲು, ವಿಮಾನ ಎಲ್ಲದರ ಟಿಕೆಟ್ ತೆಗೆದುಕೊಡುತ್ತಿದ್ದ. ಸುದ್ದಿ ಕೇಳಿ ಅವನು ಸ್ಟೂಲು ಒರೆಸಿ ಲಕ್ಷ್ಮವ್ವನನ್ನು ಕೂಡಿಸಿದ. ಕಂಪ್ಯೂಟರ್ ನೋಡಿ ಹೇಳಿದ, “ಹನ್ನೆರಡೂವರಿಗೆ ಒಂದು ಅದ ಅವ್ವಾ. ಎರಡು ಸೀಟು ಸಿಗತಾವ. ಒಂದಕ್ಕ ಮೂರು ಸಾವಿರದ ಎರಡನೂರು.”

ಎರಡಕ್ಕೆ ಕೊಟ್ಟರೆ ಕೈಯಲ್ಲಿ ಆರುನೂರು ಉಳಿಯುತ್ತದೆ. ಮುಂಬಯಿಯಲ್ಲಿ ಇಳಿದು ಪನ್ವೆಲ್‌ತನಕ ಹೋಗಬೇಕು, ಅಲ್ಲಿ ಬರಿಗೈಯಲ್ಲಿ ನಿಲ್ಲಬಾರದು. “ಏನರ ಕಡಿಮಿ ಮಾಡೋ ಯಪ್ಪಾ” ಎಂದಳು ಲಕ್ಷ್ಮವ್ವ.

“ನನ್ನ ಕೈಯಾಗಿಲ್ಲ ಅವ್ವಾ.”

ಎಲ್ಲ ಅಂಗಡಿಯವರೂ ಹಾಗೇ ಅನ್ನುತ್ತಾರೆ. ಲಕ್ಷ್ಮವ್ವ ಎದ್ದು ಮಗನ ಅಂಗಿ ಜಗ್ಗಿದಳು. “ನಡಿ. ಕರೀತಾನ.”

ಇಪ್ಪತ್ತು ವರ್ಷ ಮಡಗಾಂವದ ಮಾರ್ಕೆಟ್ಟಿನಲ್ಲಿ ಅವಳು ಕಲಿತದ್ದು ಅದೇ. ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆದರೆ ಹಿಂದಿನಿಂದ ಕರೆಯದ ವ್ಯಾಪಾರಿ ಇಲ್ಲ. ಹತ್ತು ಹೆಜ್ಜೆ ನಡೆದರು. ಯಾರೂ ಕರೆಯಲಿಲ್ಲ. ರಸ್ತೆ ದಾಟಿ, ಯಾಕೂಬನಿಗೆ ಚೆನ್ನಾಗಿ ಕಾಣುವ ಹಾಗೆ ಚಹಾದ ಗಾಡಿಯ ಹತ್ತಿರ ನಿಂತರು. ಅವನು ಬೇರೆ ಯಾರಿಗೋ ಟಿಕೆಟ್ ಮಾಡುತ್ತಿದ್ದ. ಒಮ್ಮೆ ಈ ಕಡೆ ನೋಡಿದ, ಮತ್ತೆ ತಲೆ ತಗ್ಗಿಸಿದ. ಬೆಳಗಿನಿಂದ ಲಕ್ಷ್ಮವ್ವ ಬಾಯಿಗೆ ನೀರು ಹಾಕಿರಲಿಲ್ಲ. “ಇನ್ನೊಂದೀಟ ತಡಿ” ಎನ್ನುತ್ತಲೇ ಅರ್ಧ ತಾಸು ಕಳೆಯಿತು.

ತಿರುಗಿ ಬಂದಾಗ ಯಾಕೂಬ ಅಂದ, “ಎಲ್ಲಿ ಹೋಗಿದ್ರಿ? ಬ್ಯಾರೆ ಕಡೆ ತಗೊಂಡ್ರೇನೋ ಅನಕೊಂಡೆ.”

“ನೀ ಕರೀತಿ ಅಂತ ನಿಂತಿದ್ವೆಪಾ.”

ಯಾಕೂಬ ಹಣೆಗೆ ಕೈ ಹಚ್ಚಿಕೊಂಡ. “ಅವ್ವಾ, ಇದು ಕಾಯಿಪಲ್ಲೆ ಸಂತಿ ಅಲ್ಲ. ಕಾಯಿಪಲ್ಲೆ ಹೊತ್ತು ಇಳಿದಂಗ ಸೋವಿ ಆಗತದ. ಇದು ಹೊತ್ತು ಏರಿದಂಗ ತುಟ್ಟಿ ಆಗತದ.” ಕಂಪ್ಯೂಟರ್ ನೋಡಿದ, ಇನ್ನೊಮ್ಮೆ ನೋಡಿದ. “ಸೋವೀದು ಒಂದ ಉಳದದ, ನಾಕು ಸಾವಿರದ ನೂರು. ಎರಡು ಬೇಕಂದ್ರ ಒಂದೊಂದಕ್ಕ ಆರು ಸಾವಿರದ ಮ್ಯಾಲ ತೋರಸಾಕತ್ತೇದ.”

ಲಕ್ಷ್ಮವ್ವ ತಾನೇ ಜಗ್ಗಿದ ಮಗನ ಅಂಗಿಯ ತುದಿಯನ್ನು ನೋಡುತ್ತ ಕುಳಿತಳು.

“ನಾ ಹೋಗ್ತೀನಿ ಬೇ” ಎಂದ ಮಾಂತೇಶ, ಮೆಲ್ಲಗೆ. “ಸೀರಿ ನಾನ ಒಯ್ಯಬೇಕಲ್ಲ. ನೀ ರೈಲಿಗೆ ಬಾ.”

“ರಾತ್ರಿ ಬಂದು ಏನ ನೋಡ್ಲಿ? ಮಣ್ಣ ನೋಡ್ಲ್ಯಾ?”

“ಹಂಗಲ್ಲ ಯವ್ವಾ. ನೀ ಒಬ್ಬಾಕೀನ ಹೋದ್ರ... ಮಂದಿ ಏನಂತಾರ? ನಿನ್ನ ಕೈಲೆ ಹಸರ ಸೀರಿ...”

ಮುಂದಿನದನ್ನು ಅವನು ಹೇಳಬೇಕಾಗಿರಲಿಲ್ಲ. ಗಂಡ ಹೋಗಿ ಒಂಬತ್ತು ವರ್ಷ. ಯಾರ ಸೀಮಂತದಲ್ಲೂ ಅವಳು ಉಡಿ ತುಂಬಿದವಳಲ್ಲ, ಇದೇ ಮಗಳ ಸೀಮಂತದಲ್ಲಿ ಕೂಡ ಬಾಗಿಲ ಮರೆಯಲ್ಲಿ ನಿಂತು ನೋಡಿದವಳು. ಮುತ್ತೈದೆ ಹೆಣಕ್ಕೆ ಹಸಿರು ಸೀರೆ ವಿಧವೆಯ ಕೈಯಲ್ಲಿ ಬಂದರೆ ಅದನ್ನು ಅವರು ಮುಟ್ಟದೇ ಹೋದರೆ? ಸೀರೆ ಇಲ್ಲದೆ ಎತ್ತಿದರೆ? ತನ್ನ ಆಸೆಗೆ ಮಗಳು ತವರಿಲ್ಲದವಳ ಹಾಗೆ ಹೋದರೆ?

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಯಾಕೂಬ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದ. “ಲಗೂ ಹೇಳ್ರಿ. ಇದೂ ಹೋಗಿಬಿಡತದ. ಯಾರ ಹೆಸರ ಹಾಕ್ಲಿ?”

“ಬೀಗತಿಗೆ ಫೋನ ಹಚ್ಚು” ಎಂದಳು ಲಕ್ಷ್ಮವ್ವ ಮಗನಿಗೆ.

ಆ ಕಡೆಯಿಂದ “ಹಾಂ ಬೀಗತಿ, ಹೇಳ್ರಿ” ಎಂಬ ದನಿ ಬಂತು. ಲಕ್ಷ್ಮವ್ವ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಸೀಟು ಒಂದ ಸಿಕ್ಕೇತ್ರಿ. ಮಗನ್ನ ಕಳಿಸಿದ್ರ ನನಗ ಆಕಿ ಮಾರಿ ಸಿಗಂಗಿಲ್ಲ. ನಾ ಬಂದ್ರ... ನಾ ಮುಂಡಿರಿ. ನನ್ನ ಕೈಲೆ ಸೀರಿ ತಂದ್ರ ನೀವು ಮುಟ್ಟತೀರೇನ್ರಿ?”

ಆ ಕಡೆ ಹೆಂಗಸರ ಅಳು ಕೇಳುತ್ತಿತ್ತು.

“ಎಂಟು ದಿನ ದವಾಖಾನ್ಯಾಗ ಆಕಿ ಹೊಲಸು ಬಳದಿದ್ದು ನನ್ನ ಕೈರಿ” ಎಂದಳು ಬೀಗತಿ ಕೊನೆಗೆ. “ನಾನೂ ಮುಂಡಿನ ಅದೀನಿ. ಆಗ ಯಾವ ಮುತ್ತೈದಿನೂ ಬರಲಿಲ್ಲ. ನೀವು ಬರ್ರಿ. ಅಂದವರಿಗೆ ನಾ ಹೇಳತೀನಿ.”

ಲಕ್ಷ್ಮವ್ವ ಸೆರಗಿನ ಗಂಟಿನಿಂದ ಓಟಿನ ಕಾರ್ಡು ತೆಗೆದು ಯಾಕೂಬನ ಮುಂದೆ ಇಟ್ಟಳು.

ಮಾಂತೇಶ ವಿಮಾನ ನಿಲ್ದಾಣದ ಬಾಗಿಲ ತನಕ ಬಂದ. ಟಿಕೆಟ್ ಇಲ್ಲದವರನ್ನು ಪೊಲೀಸರು ಒಳಗೆ ಬಿಡಲಿಲ್ಲ. ‘ಇವರಿಗೆ ಓದಲು ಬರುವುದಿಲ್ಲ, ಮೊದಲ ಸಲ ಹೋಗುತ್ತಿದ್ದಾರೆ, ಮನೆಯಲ್ಲಿ ಸಾವಾಗಿದೆ’ ಎಂದು ಟಿಕೆಟ್ಟಿನ ಹಿಂದೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಯಾಕೂಬ ಬರೆದುಕೊಟ್ಟಿದ್ದ. ಅದನ್ನು ತೋರಿಸುತ್ತ, ಕೈ ಮಾಡಿದ ಕಡೆ ನಡೆಯುತ್ತ ಅವಳು ಹೇಗೋ ತನ್ನ ಸೀಟು ಮುಟ್ಟಿದಳು. ತೊಡೆಯ ಮೇಲಿನ ಗಂಟನ್ನು ಸೀಟಿನ ಕೆಳಗೆ ಇಡು ಎಂದು ಅಲ್ಲಿನ ಹುಡುಗಿ ಸನ್ನೆ ಮಾಡಿದಳು. ಕಾಲ ಹತ್ತಿರ ಇಡುವ ಸೀರೆಯಲ್ಲ ಅದು. ಲಕ್ಷ್ಮವ್ವ ಟಿಕೆಟ್ಟಿನ ಹಿಂಬದಿಯನ್ನು ತೋರಿಸಿದಳು. ಹುಡುಗಿ ಓದಿದಳು, ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೇಲಿನ ಗೂಡಿನಲ್ಲಿ, ಬೇರೆ ಯಾವ ಚೀಲವೂ ತಾಗದ ಹಾಗೆ ಇಟ್ಟಳು.

ಮುಂಬಯಿಯಲ್ಲಿ ಅಳಿಯನ ತಮ್ಮ ಕಾಯುತ್ತಿದ್ದ. ಎರಡು ಬಸ್ಸು ಬದಲಿಸಿ ಪನ್ವೆಲ್‌ನ ಆ ಓಣಿ ಮುಟ್ಟಿದಾಗ ನಾಲ್ಕೂವರೆ. ಮನೆ ಮುಂದೆ ಕುಳಿತಿದ್ದ ಹೆಂಗಸರು ಅವಳ ಬೆನ್ನ ಹಿಂದೆ ನೋಡಿದರು. ಒಬ್ಬ ಮುದುಕಿ ಕೇಳಿಯೇ ಬಿಟ್ಟಳು, “ಅಣ್ಣ ಎಲ್ಲಿ?”

“ಅವ್ವ ಬಂದಾಳ. ದಾರಿ ಬಿಡ್ರಿ” ಎಂದಳು ಬೀಗತಿ ಒಳಗಿನಿಂದ.

ದ್ರಾಕ್ಷಾಯಿಣಿಯ ಮುಖ ಅರಿಷಿಣ ಹಚ್ಚಿದ ಹಾಗೆ ಹಳದಿಯಾಗಿತ್ತು. ಮೂಗು ಮಾತ್ರ ಹುಟ್ಟಿದಾಗ ಇದ್ದ ಹಾಗೇ ಇತ್ತು, ತುದಿ ಸ್ವಲ್ಪ ಚಪ್ಪಟೆ. ಲಕ್ಷ್ಮವ್ವ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಗಂಟು ಬಿಚ್ಚಿ ಸೀರೆಯನ್ನು ಬೀಗತಿಯ ಕಡೆ ಚಾಚಿದಳು.

ಬೀಗತಿ ತೆಗೆದುಕೊಳ್ಳಲಿಲ್ಲ. “ನೀವ ಉಡಸ್ರಿ” ಎಂದಳು.

ಮುದುಕಿ ಏನೋ ಗೊಣಗಿದಳು. ಯಾರೂ ಕಿವಿಗೊಡಲಿಲ್ಲ. ಸೀರೆ ಹೊಸದು, ಗಂಜಿ ಬಿಟ್ಟಿರಲಿಲ್ಲ. ಲಕ್ಷ್ಮವ್ವನ ದಣಿದ ಬೆರಳುಗಳಿಗೆ ನೆರಿಗೆ ನಿಲ್ಲದೆ ಮತ್ತೆ ಮತ್ತೆ ಜಾರುತ್ತಿತ್ತು. ಬೀಗತಿ ಆ ಕಡೆಯ ತುದಿ ಹಿಡಿದು ಕುಳಿತಳು.