ಮುಚ್ಚಳದ ಒಳಗಿನ ಹನಿ

ಬಿಸಿ ಸಾರಿನ ಬಟ್ಟಲಿನ ಮುಚ್ಚಳ ತೆಗೆದು ಅಂಗಾತ ಹಿಡಿದರೆ ಒಳಮೈಯಲ್ಲಿ ಹನಿಗಳು ಕಟ್ಟಿಕೊಂಡಿರುತ್ತವೆ. ಫೋಟೋ ತೆಗೆಯುವವನಿಗೆ ಅದೊಂದು ಪೀಡೆ. ಬೆಳಕು ಕಂಡಕಂಡಲ್ಲಿ ಮಿಂಚಿ, ಮರದ ಬಟ್ಟಲಿಗೆ ಬಳಿದ ಅರಗಿನ ಕಪ್ಪು ಕೆಡುತ್ತದೆ. ಆ ಹನಿಗಳಿಗಾಗಿಯೇ ಒಬ್ಬರು ವರ್ಷಗಟ್ಟಲೆ ಬೆಳಗ್ಗೆ ಎದ್ದು ಒಲೆ ಹಚ್ಚುತ್ತಿದ್ದರೆಂದು ನನಗೆ ತಿಳಿದದ್ದು, ನಾನು ಅವನ್ನು ಒರೆಸಿದ ಮೇಲೆ.

ಜಪಾನಿನ ಆ ಕಡಲ ಪಟ್ಟಣಕ್ಕೆ ನನ್ನನ್ನು ಕಳಿಸಿದ್ದು ಒಂದು ವಾರಪತ್ರಿಕೆ. "ಅಲ್ಲಿಯ ಊಟ ಬೇಕು, ಹಬ್ಬ ಬೇಕು. ಎರಡೂ ಒಂದೇ ಚಿತ್ರದಲ್ಲಿ ಬಂದರೆ ಇನ್ನೂ ಒಳ್ಳೇದು, ಪುಟ ಉಳಿಯುತ್ತೆ," ಎಂದಿದ್ದರು ಸಂಪಾದಕರು. ನಾನು ಇಳಿದುಕೊಂಡಿದ್ದ ಪುಟ್ಟ ವಸತಿಗೃಹವನ್ನು ಸದಾಯೊ ಎಂಬ ನಡುವಯಸ್ಸು ದಾಟಿದ ಹೆಂಗಸು ನಡೆಸುತ್ತಿದ್ದರು. ಅವರಿಗೆ ಜಪಾನಿ ಬಿಟ್ಟು ಬೇರೆ ಭಾಷೆ ಬಾರದು. ನಮ್ಮಿಬ್ಬರ ನಡುವೆ ಮಾತು ಸಾಗಿಸುತ್ತಿದ್ದವರು ಅವರ ಗಂಡನ ಅಕ್ಕ ತೋಮಿ. ಬಂದರಿನ ಹೋಟೆಲೊಂದರಲ್ಲಿ ದುಡಿದು ಕಲಿತ ಇಂಗ್ಲಿಷಿನಲ್ಲಿ ಅವರು ಹೆಚ್ಚಾಗಿ ಗದರಿಸುತ್ತಿದ್ದರು.

"ನಾನು ಮೀನು ತಿನ್ನೋದಿಲ್ಲ," ಎಂದು ಮೊದಲ ದಿನವೇ ಹೇಳಿದೆ.

ತೋಮಿ ಸಾರಿನ ಬಟ್ಟಲನ್ನು ನನ್ನ ಮುಂದೆ ತಳ್ಳಿದರು. "ಇದರಲ್ಲಿ ಮೀನು ಕಾಣುತ್ತಾ ನಿನಗೆ?"

ಕಾಣುತ್ತಿರಲಿಲ್ಲ. ಒಣಮೀನು ಕುದಿಸಿ ಸೋಸಿದ ನೀರಿನಲ್ಲಿ ಅದು ಕಾಣುವುದೂ ಇಲ್ಲ. ಕಣ್ಣಿಗೆ ಬಿದ್ದದ್ದನ್ನು ನಂಬುವುದು ನನ್ನ ಕಸುಬು, ಕುಡಿದೆ. ಚೆನ್ನಾಗಿತ್ತು, ಅದೇ ತೊಂದರೆ.

ನಾನು ಉಣ್ಣುತ್ತಿದ್ದ ಕೋಣೆಯಲ್ಲಿ, ನನ್ನೆದುರಿಗೆ ದಿನಾ ಇನ್ನೊಂದು ಊಟದ ಮಣೆ ಸಿದ್ಧವಾಗಿರುತ್ತಿತ್ತು. ಅದರ ಮೇಲೆ ಅನ್ನ, ಉಪ್ಪಿನಕಾಯಿ, ಮುಚ್ಚಿದ ಸಾರಿನ ಬಟ್ಟಲು. ಉಣ್ಣುವವರು ಮಾತ್ರ ಬರುತ್ತಿರಲಿಲ್ಲ. ಯಾರೋ ಏಳಲು ತಡಮಾಡುವ ಅತಿಥಿ, ಅವನನ್ನು ಎಬ್ಬಿಸದ ಈ ಮನೆಯವರ ಸೌಜನ್ಯ ದೊಡ್ಡದು ಎಂದುಕೊಂಡೆ. ಒಬ್ಬನೇ ಉಣ್ಣುವುದು ನನಗೆ ಹೊಸದಾಗಿರಲಿಲ್ಲ. ಆದರೆ ಎದುರಿಗೆ ಎಲೆ ಹಾಕಿದ್ದೂ ಜನ ಬಾರದಿದ್ದರೆ, ಒಬ್ಬನೇ ಇರುವುದು ಎದ್ದು ಕಾಣುತ್ತದೆ.

ಅದು ತೀರಿಹೋದ ಹಿರಿಯರು ಮನೆಗೆ ಬಂದುಹೋಗುವ ಹಬ್ಬದ ವಾರ. ನಮ್ಮ ಪಿತೃಪಕ್ಷದ ಹಾಗೆಯೇ. ಕಾಗೆಗೆ ಕಾಯುವ ಪಾಡಿಲ್ಲ, ಅಷ್ಟೆ. ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡುತ್ತಾರೆ, ಸತ್ತವರು ಬೇಗ ಬರಲಿ ಎಂದು. ಬದನೆಕಾಯಿಗೆ ಚುಚ್ಚಿ ಹಸು ಮಾಡುತ್ತಾರೆ, ನಿಧಾನವಾಗಿ ಹೋಗಲಿ ಎಂದು. ತರಕಾರಿಯ ಮೇಲೆ ಇಷ್ಟು ಭಾರದ ಕೆಲಸ ಹೊರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ಬೀದಿಯ ಮನೆಮನೆಯಲ್ಲೂ ಅವು ನಿಂತಿದ್ದವು. ಸದಾಯೊ ಅವರ ಮನೆಯಲ್ಲಿ ಇರಲಿಲ್ಲ.

ಹಬ್ಬದ ಬೆಳಗ್ಗೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಯಾಚೆ ನೆರೆಮನೆಯವರ ಸೌತೆಕಾಯಿ ಕುದುರೆ, ಈಚೆ ಕಪ್ಪು ಬಟ್ಟಲು. ಸಂಪಾದಕರ ಪುಟ ಉಳಿಯಿತು ಎಂದುಕೊಂಡೆ. ಬಟ್ಟಲಿನ ಮುಚ್ಚಳ ತೆಗೆದು, ಲೆನ್ಸ್ ಒರೆಸುವ ಬಟ್ಟೆಯಿಂದ ಒಳಮೈಯನ್ನು ಉಜ್ಜಿ, ಬಟ್ಟಲಿಗೆ ಒರಗಿಸಿ ಫೋಟೋ ತೆಗೆದೆ. ಕೆಲಸ ಮುಗಿಸಿ ಮತ್ತೆ ಮುಚ್ಚುವಷ್ಟರಲ್ಲಿ ಸದಾಯೊ ಬಂದು ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡರು. ತಿರುಗಿಸಿ ನೋಡಿದರು. ಬೆರಳಿನಿಂದ ಮುಟ್ಟಿದರು. ಆಮೇಲೆ ಚಾಪೆಯ ಮೇಲೆ ಕುಳಿತುಬಿಟ್ಟರು.

ತೋಮಿ ಬಂದರು, ಮುಚ್ಚಳ ನೋಡಿದರು, ಒಳಗೆ ಹೋಗಿ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ತಂದರು. ಅದರಲ್ಲಿ ಮಡಿಕೆ ಬಿಚ್ಚದ ಬಿಳಿ ಕಾಗದದ ದೀಪವಿತ್ತು.

"ಏನಾಯಿತು?" ಎಂದೆ.

"ನನ್ನ ತಮ್ಮ, ಇವಳ ಗಂಡ, ಕಡಲಿಗೆ ಹೋಗಿದ್ದ. ದೋಣಿ ತಿರುಗಿ ಬಂತು, ಅವನು ಬರಲಿಲ್ಲ," ಎಂದರು ತೋಮಿ. "ದೂರ ಹೋದವರಿಗೆ ನಾವು ಮನೇಲಿ ಊಟ ಇಡ್ತೀವಿ, ಅಲ್ಲಿ ಹಸಿದಿರಬಾರದು ಅಂತ. ಮುಚ್ಚಳದಲ್ಲಿ ಹನಿ ಇದ್ದರೆ ಬದುಕಿದ್ದಾನೆ. ಒಣಗಿದ್ದರೆ ಇಲ್ಲ. ಸತ್ತವನ ಮೊದಲ ಹಬ್ಬಕ್ಕೆ ಬಿಳಿ ದೀಪ ಕಟ್ಟಬೇಕು. ಇಲ್ಲದಿದ್ದರೆ ಮನೆ ಗುರುತು ಸಿಗದೆ ಅಲೀತಾ ಇರ್ತಾನೆ. ನಾನು ಪ್ರತಿ ವರ್ಷ ಹೇಳ್ತೀನಿ. ಇವಳು, ಮುಚ್ಚಳ ಒಣಗಿದ ದಿನ ಕಟ್ಟೋಣ ಅಕ್ಕಾ, ಅಂತಾಳೆ. ಇವತ್ತು ಒಣಗಿದೆ."

ನಾನು ಜೇಬಿನಿಂದ ಬಟ್ಟೆ ತೆಗೆದು ತೋರಿಸಿದೆ. ಇನ್ನೂ ಒದ್ದೆಯಾಗಿತ್ತು. "ಒರೆಸಿದ್ದು ನಾನು."

"ಯಾಕೆ?"

"ಫೋಟೋ ಚೆನ್ನಾಗಿ ಬರಲಿ ಅಂತ."

"ಬಂತಾ?"

ನಾನು ಬಟ್ಟೆಯನ್ನು ಇಬ್ಬರ ಮುಂದೆ ಚಾಪೆಯ ಮೇಲಿಟ್ಟೆ. ತೋಮಿ ವಿಷಯವನ್ನು ಜಪಾನಿಯಲ್ಲಿ ಹೇಳಿದರು. ಸದಾಯೊ ಬಟ್ಟೆ ಮುಟ್ಟಿ ನೋಡಿದರು, ತಲೆಯಾಡಿಸಿದರು, ಆದರೆ ಏಳಲಿಲ್ಲ. ಅವರ ಕಣ್ಣು ಬಿಳಿ ದೀಪದ ಮೇಲೇ ಇತ್ತು. ಒಮ್ಮೆ ಒಣಗಿದ್ದನ್ನು ಕಂಡ ಮೇಲೆ, ಕಾರಣ ತಿಳಿದರೂ, ಕಂಡದ್ದು ಕಂಡಂತೆಯೇ ಉಳಿಯುತ್ತದೆ. ತೋಮಿ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಅಂದು ಸಂಜೆ ಆ ದೀಪ ಬಾಗಿಲಲ್ಲಿ ತೂಗುತ್ತಿತ್ತು. ಅವರು ಅಷ್ಟು ವರ್ಷ ಬೇಡಿಕೊಂಡದ್ದೂ ಅದನ್ನೇ.

ಆದರೆ ತೋಮಿ ಪೆಟ್ಟಿಗೆಯನ್ನು ಕೆಳಗಿಟ್ಟು, ತಣ್ಣಗಾಗಿದ್ದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಮುಚ್ಚಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮಣೆಯ ಮೇಲಿಟ್ಟರು. ಇಟ್ಟ ಕ್ಷಣವೇ ಅವರ ಬೆರಳು ತಮ್ಮ ಕಿವಿಯ ಹಾಲೆಗೆ ಹೋಯಿತು. ಆ ಅಡುಗೆಮನೆಯಲ್ಲಿ ನಾನು ನೋಡಿದ್ದೆ. ಬೆರಳು ಸುಟ್ಟರೆ ಅಲ್ಲಿಯವರು ಕಿವಿ ಹಿಡಿದುಕೊಳ್ಳುತ್ತಾರೆ, ತಂಪಿಗೆ. ತೋಮಿ ತುಂಬ ಹೊತ್ತು ಹಿಡಿದುಕೊಂಡೇ ಇದ್ದರು.

ಸದಾಯೊ ಮುಚ್ಚಳ ಎತ್ತಿದರು. ಹನಿಗಳು ಒಂದಕ್ಕೊಂದು ಸೇರಿ ಮಣೆಯ ಮೇಲೆ ತೊಟ್ಟಿಕ್ಕಿದವು. ಅವರು ಅದನ್ನು ಮತ್ತೆ ಮುಚ್ಚಿ, ಎದ್ದು, ನನಗೆ ಅನ್ನ ಬಡಿಸಲು ಹೋದರು.

"ಸಾರು ಕುದೀತಿದ್ದರೆ ಹನಿ ಇದ್ದೇ ಇರುತ್ತೆ," ಎಂದರು ತೋಮಿ ನನಗೆ. "ನನಗೆ ಗೊತ್ತಿಲ್ಲ ಅಂದುಕೊಂಡೆಯಾ?"

"ಅವರಿಗೆ ಗೊತ್ತೇ?"

"ನನಗಿಂತ ಮೊದಲೇ." ಪೆಟ್ಟಿಗೆಯನ್ನು ಕಂಕುಳಿಗೆ ಇರುಕಿಕೊಂಡು, "ನಿನಗೆ ನಿಮ್ಮನೇಲಿ ಯಾರು ಇಡ್ತಾರೆ?" ಎಂದು ಕೇಳಿದರು.

"ನಮ್ಮಲ್ಲಿ ಆ ಪದ್ಧತಿ ಇಲ್ಲ," ಎಂದೆ. ಸುಳ್ಳೇನಲ್ಲ. ಪದ್ಧತಿ ಇದ್ದಿದ್ದರೂ ಇಡುವವರು ಇರಲಿಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವ ಅಗತ್ಯ ಕಾಣಲಿಲ್ಲ. ತೋಮಿ ನನ್ನ ಮುಖ ನೋಡಿದರು. ಅನ್ನದ ಪಾತ್ರೆ ಹಿಡಿದು ಬಂದ ಸದಾಯೊ ಅವರಿಗೆ ತೋಮಿ ಜಪಾನಿಯಲ್ಲಿ ಏನೋ ಹೇಳಿದರು. ನಾನು ಹೇಳಿದ್ದಕ್ಕಿಂತ ಅದು ಉದ್ದವಾಗಿತ್ತು.

ಹೊರಡುವ ದಿನ ಬೂಟು ಹಾಕಿಕೊಂಡ ಮೇಲೆ ಕ್ಯಾಮೆರಾ ಸ್ಟ್ಯಾಂಡ್ ಮರೆತದ್ದು ನೆನಪಾಯಿತು. ಬೂಟು ಬಿಚ್ಚಿ ಒಳಗೆ ಹೋದೆ. ಕೋಣೆಯಲ್ಲಿ ತೋಮಿ ಚಾಪೆ ಗುಡಿಸುತ್ತಿದ್ದರು. ಮೂಲೆಯಲ್ಲಿ ಎರಡು ಮಣೆಗಳಿದ್ದವು, ಒಂದರ ಪಕ್ಕದಲ್ಲಿ ಇನ್ನೊಂದು. ಎರಡೂ ಬಟ್ಟಲುಗಳಿಗೆ ಮುಚ್ಚಳವಿತ್ತು.

"ಇನ್ನೊಂದು ಯಾರಿಗೆ?"

"ದೂರ ಹೋಗ್ತಿರೋನಿಗೆ," ಎಂದರು ತೋಮಿ, ಗುಡಿಸುವುದನ್ನು ನಿಲ್ಲಿಸದೆ. "ಮೀನು ಹಾಕಿಲ್ಲ, ಬರೀ ಕಡಲ ಸೊಪ್ಪು. ಈ ಸಲ ನಿಜ."

ಚಿತ್ರ ಅಚ್ಚಾಯಿತು. ಮುಚ್ಚಳದ ಹೊಳಪು ಬಹಳ ಚೆನ್ನಾಗಿದೆ ಎಂದು ಸಂಪಾದಕರು ಮೆಚ್ಚಿಕೊಂಡರು.

ಈಗಲೂ ನಾನು ಒಬ್ಬನೇ ಉಣ್ಣುತ್ತೇನೆ. ಸಾರಿನ ಪಾತ್ರೆಗೆ ಮುಚ್ಚಿದ ತಟ್ಟೆಯನ್ನು ಎತ್ತಿ ಒಂದಿಷ್ಟು ಓರೆ ಮಾಡಿ ಹಿಡಿಯುತ್ತೇನೆ. ಹನಿಗಳು ಹರಿದು ಅಂಚಿಗೆ ಬಂದು, ಸೇರಿ, ದಪ್ಪಗಾಗಿ ತೂಗುತ್ತವೆ. ಅವು ಬೀಳುವ ತನಕ ಕಾದು, ಆಮೇಲೆ ಬಡಿಸಿಕೊಳ್ಳುತ್ತೇನೆ.