ಕಂಬಳಿಯ ಅಂಚು

ನಿಜಾಮನ ಫೌಜು ಶರಣಾಗಿ ಮೂರು ದಿನವಾಗಿತ್ತು. ಬೋನಾಳದಲ್ಲಿ ದೇವಿಂದ್ರಪ್ಪನ ಮನೆಯ ಮುಂದೆ ಅರವತ್ತು ಜನ ಸೇರಿದ್ದರು. ಒಳಗೆ ಅಮೀನಸಾಬನಿದ್ದ, ಊರಿನ ಗಾದಿಗಳಿಗೆಲ್ಲ ಹತ್ತಿ ಹಿಂಜಿಕೊಡುವವನು. ಹಿಂದಿನ ತಿಂಗಳು ರಜಾಕಾರರಿಗೆ ಕುರಿಹಟ್ಟಿಯ ದಾರಿ ತೋರಿಸಿದವನು ಅವನೇ. ಅಲ್ಲಿ ಅಂಬ್ರಪ್ಪನ ಮಗ ಸತ್ತಿದ್ದ.

ಅಂಬ್ರಪ್ಪ ಕೊಡಲಿ ಹಿಡಿದು ಎದುರಿಗೇ ನಿಂತಿದ್ದ. ದೇವಿಂದ್ರಪ್ಪನಿಗೆ ಅವನು ಸೋದರಮಾವ. ಬರ್ಮಾದ ಯುದ್ಧ ಮುಗಿಸಿ ಬಂದು, ಖಾದಿ ತೊಟ್ಟು ಜೈಲು ಕಂಡ ಅಳಿಯನನ್ನು "ಇನ್ನ ಮುಂದ ನಮ್ಮ ಲೀಡರ್ ಇವನೇ" ಎಂದು ಸುರಪುರದವರೆಗೂ ಸಾರಿದವನು.

"ಹೊರಗ ಕಳಸು."

"ಇಲ್ಲ ಮಾವ."

"ಬರ್ಮಾದಾಗ ಗುಂಡು ಹೊಡೆದಾಂವ, ಇಲ್ಲಿ ಬಾಗಲಾ ಕಾಯಾಕತ್ತಾನ ನೋಡ್ರಿ," ಎಂದ ಹಿಂದಿನಿಂದ ಮಲ್ಕಪ್ಪ. ಕೆಲವರು ನಕ್ಕರು.

ದೇವಿಂದ್ರಪ್ಪ ಒಳಗೆ ಹೋದ. ಬಂದೂಕು ತರುತ್ತಾನೆಂದು ಜನ ಹಿಂದೆ ಸರಿದರು. ಅವನು ತಂದದ್ದು ಅಪ್ಪನ ಕರಿ ಕಂಬಳಿ. ಅಂಗಳದಲ್ಲಿ ಹಾಸಿ, ನಾಲ್ಕು ಮೂಲೆಗೂ ಭಂಡಾರದ ಅರಿಶಿನ ಚೆಲ್ಲಿ, ಅಮೀನಸಾಬನನ್ನು ನಡುವೆ ಕೂರಿಸಿದ. ಹೀಗೆ ಹಾಸಿದ್ದನ್ನು ಕುರುಬರು ಕಾಲ್ಮರಿ ಹಾಕಿ ತುಳಿಯುವುದಿಲ್ಲ. ಬರಿಗಾಲಲ್ಲಿ ಏರಿದವನು ನ್ಯಾಯಕ್ಕೆ ಕೂತಂತೆ; ಮಾತು ಮುಗಿಯುವವರೆಗೆ ಕೈ ಎತ್ತುವಂತಿಲ್ಲ.

"ಇನ್ನ ಬರ್ರಿ," ಎಂದ.

ಅಂಬ್ರಪ್ಪ ನುಗ್ಗಿದ. ಕಣ್ಣು ಅಮೀನಸಾಬನ ಕುತ್ತಿಗೆಯ ಮೇಲಿತ್ತು. ಆದರೆ ಕಂಬಳಿಯ ಅಂಚಿಗೆ ಬಂದ ಕಾಲುಗಳು, ಐವತ್ತು ವರ್ಷದ ರೂಢಿಯಂತೆ, ತಾವಾಗಿಯೇ ಕಾಲ್ಮರಿ ಕಳಚಿದವು. ಕೊಡಲಿ ಎತ್ತಿದ ಮೇಲೆ ಅವನು ಕೆಳಗೆ ನೋಡಿದ. ಉಣ್ಣೆಯ ಮೇಲೆ ಎರಡೂ ಪಾದ ಬರಿದಾಗಿದ್ದವು.

"ಕುಂದ್ರು ಮಾವ. ಕಂಬಳಿ ಏರಿದಿ."

"ಮೋಸ ಮಾಡಿದಿ, ದೇವಿಂದ್ರ."

"ಮಾಡೀನಿ."

"ನಾಳಿ ಓಟು ಕೇಳಾಕ ಬಾ. ಈ ಊರಾಗ ಒಂದ್ ಬಾಗಲಾನೂ ತೆರಿಯಂಗಿಲ್ಲ ನಿನಗ."

"ಬ್ಯಾಡ. ಕುಂದ್ರು."

ಎತ್ತಿದ ತೋಳು ಮೆಲ್ಲಗೆ ಇಳಿಯಿತು. ಅಂಬ್ರಪ್ಪ ಕೊಡಲಿಯನ್ನು ಹೊರಗೆ, ಕಾಲ್ಮರಿಯ ಪಕ್ಕ ಇಟ್ಟು ಕೂತ.

"ದಾರಿ ತೋರಿಸೀನ್ರಿ," ಎಂದ ಅಮೀನಸಾಬ, ಯಾರೂ ಕೇಳುವ ಮೊದಲೇ. "ಎದಿಗೆ ಬಂದೂಕ ಹಚ್ಚಿದ್ರು. ಆದ್ರೂ ತೋರಿಸಿದಾಂವ ನಾನೇ."

"ಅದು ಗೊತ್ತದ." ಅಂಬ್ರಪ್ಪ ಅವನ ಮುಖ ನೋಡಲಿಲ್ಲ. "ನನ್ನ ಮಗ ಏನರ ಅಂದನೇನು, ಕಡೀಕ?"

"ಹಟ್ಟಿಗೆ ಬೆಂಕಿ ಹಚ್ಚಬ್ಯಾಡ್ರಿ, ಇವತ್ತೋ ನಾಳಿಯೋ ಈಯೋ ಕುರಿ ಒಳಗದ ಅಂದ. ಅಡ್ಡ ನಿಂತ."

ಅಂಬ್ರಪ್ಪ ಕಂಬಳಿಯ ಉಣ್ಣೆಯನ್ನು ಬೆರಳಲ್ಲಿ ಹಿಂಜುತ್ತ ಕೂತಿದ್ದ.

"ಯಾವುದು," ಎಂದ ಆಮೇಲೆ, "ಬಿಳಿ ಹಣಿದೇನು?"